ಮೊದಲು ಯಾರು, ಬಳಿಕ ಯಾರು?

ಯಕ್ಷಗಾನ ಮೇಳವೊಂದರಲ್ಲಿ ಎಷ್ಟು ಮಂದಿ ಭಾಗವತರಿರಬೇಕು, ಅವರಲ್ಲಿ ಯಾರು ಮೊದಲು ಜಾಗಟೆ ಹಿಡಿಯಬೇಕು, ಯಾರು ನಡುರಾತ್ರಿಯ ಬಳಿಕ ಬಂದು ಕುಳಿತುಕೊಳ್ಳಬೇಕು ಎಂಬುದು ಮೇಳದ ಯಜಮಾನರಿಗೂ ಕಲಾವಿದರಿಗೂ ಸಂಬಂಧಿಸಿದ ವಿಚಾರ, ನೋಡುವ ನಮಗೇಕೆ ಅದರ ಗೊಡವೆ ಎಂದು ಭಾವಿಸುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆಯ ಆಟಗಳ ಆಮಂತ್ರಣ ಪತ್ರಿಕೆಗಳನ್ನು ಈಚಿನ ವರ್ಷಗಳಲ್ಲಿ ನೋಡುತ್ತ ಬಂದಂತೆ ಈ ಪ್ರಶ್ನೆ ನನ್ನನ್ನು ಹೆಚ್ಚು ಹೆಚ್ಚಾಗಿ ಕಾಡತೊಡಗಿದೆ. ಪತ್ರಿಕೆಯಲ್ಲಿ ಮುಖ್ಯ ಭಾಗವತರ ಹೆಸರು ದೊಡ್ಡ ಅಕ್ಷರಗಳಲ್ಲಿ ಇರುತ್ತದೆ. ಸಹಭಾಗವತರ ಹೆಸರು ಅದರ ಕೆಳಗೆ ಚಿಕ್ಕದಾಗಿ ಇದ್ದರೂ ಇದ್ದೀತು. ಪೂರ್ವರಂಗಕ್ಕೆ ಹಾಡುವ ಸಂಗೀತಗಾರನ ಹೆಸರಂತೂ ಕಾಣಸಿಗುವುದೇ ಇಲ್ಲ. ಊಟದ ವ್ಯವಸ್ಥೆ ಮಾಡಿದವರ ಹೆಸರು ಮಾತ್ರ ತಪ್ಪದೆ ಇರುತ್ತದೆ.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಊರು ಬಿಟ್ಟು ದೂರ ನೆಲೆಸಿದವರು. ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮಕ್ಕಳು ಬೇಸ್‌ಬಾಲ್ ಆಟವನ್ನು ನಮ್ಮ ಮಕ್ಕಳು ಕ್ರಿಕೆಟ್ ನೋಡಿದಷ್ಟೇ ಆಸ್ಥೆಯಿಂದ ನೋಡುತ್ತಾರೆ. ಅವರಿಂದಲೇ ನಾನು ಆ ಆಟವನ್ನು ಅಷ್ಟಿಷ್ಟು ಅರಿತುಕೊಂಡದ್ದು. ಅಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಆಟಕ್ಕೆ ಒಂಬತ್ತು ಇನ್ನಿಂಗ್ಸ್. ಆರಂಭಿಸುವವನು ಸ್ಟಾರ್ಟರ್. ಅವನು ಐದಾರು ಇನ್ನಿಂಗ್ಸ್‌ಗಳವರೆಗೆ, ನೂರರ ಆಸುಪಾಸು ಎಸೆತಗಳವರೆಗೆ ಎಸೆದು ದಣಿದಾಗ ರಿಲೀವರ್ ಎಂಬವನು ಬರುತ್ತಾನೆ. ಕೊನೆಯ ಇನ್ನಿಂಗ್ಸ್‌ಗೆಂದೇ ಕಾದಿರಿಸಿದ ಒಬ್ಬನಿರುತ್ತಾನೆ, ಅವನು ಕ್ಲೋಸರ್. ಒಮ್ಮೆ ಹೊರಗೆ ಬಂದವನು ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ಸ್ಟಾರ್ಟರ್ ಒಂದು ದಿನ ಎಸೆದರೆ ಮುಂದಿನ ನಾಲ್ಕೈದು ದಿನ ಅವನ ತೋಳಿಗೆ ವಿಶ್ರಾಂತಿ, ಆದುದರಿಂದ ತಂಡವೊಂದಕ್ಕೆ ಐವರು ಸ್ಟಾರ್ಟರುಗಳು ಬೇಕು, ಸರದಿಯ ಪ್ರಕಾರ ಬರುತ್ತಾರೆ. ಆರು ತಿಂಗಳೊಳಗೆ 162 ಪಂದ್ಯಗಳನ್ನು ಆಡಬೇಕಾದ ತಂಡಕ್ಕೆ ಇಂಥ ವ್ಯವಸ್ಥೆಯಿಲ್ಲದೆ ಉಳಿಗಾಲವಿಲ್ಲ.

ಆರು ತಿಂಗಳಲ್ಲಿ 162 ಎಂದು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮ ಮೇಳಗಳ ತಿರುಗಾಟ. ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ನಡುವಣ ಸುಮಾರು ಆರು ತಿಂಗಳಲ್ಲಿ ಆಟವಿಲ್ಲದ ರಾತ್ರಿ ಅಪರೂಪ. ಇಂದು ಸಿದ್ಧಕಟ್ಟೆ, ನಾಳೆ ವೇಣೂರು, ನಾಡಿದ್ದು ಪುಂಜಾಲಕಟ್ಟೆ. ಬೇಸ್‌ಬಾಲಿನ ತೋಳಿಗೆ ನಾಲ್ಕು ದಿನದ ವಿಶ್ರಾಂತಿಯುಂಟು, ನಮ್ಮ ಭಾಗವತರ ಕಂಠಕ್ಕೆ ಮರುದಿನದ ಹಗಲು ಮಾತ್ರ, ಅದೂ ಅರ್ಧ ಪ್ರಯಾಣದಲ್ಲಿ ಕಳೆಯುತ್ತದೆ. ಹೀಗಿದ್ದೂ ನಮ್ಮ ಹಿರಿಯರು ಶತಮಾನಗಳ ಕಾಲ ಈ ಕಲೆಯನ್ನು ನಡೆಸಿಕೊಂಡು ಬಂದದ್ದು ಹೇಗೆ? ರಾತ್ರಿಯನ್ನು ಹಂಚಿಕೊಂಡು.

ಆ ಹಂಚಿಕೆಯನ್ನು ಬಲ್ಲವರಿಗೆ ಇದು ಪುನರುಕ್ತಿಯಾದೀತು. ಆದರೂ ಮುಂಬಯಿಯಲ್ಲೂ ದುಬೈಯಲ್ಲೂ ಬೆಳೆದ ಮೊಮ್ಮಕ್ಕಳಿಗಾಗಿ ಸ್ವಲ್ಪ ಬರೆಯುತ್ತೇನೆ. ತೆಂಕುತಿಟ್ಟಿನ ಇಡೀ ರಾತ್ರಿಯ ಆಟದಲ್ಲಿ ಕೇಳಿ ಬಾರಿಸಿ, ಚೌಕಿಯಲ್ಲಿ ಪೂಜೆಯಾದ ಬಳಿಕ ಮೊದಲು ರಂಗಕ್ಕೆ ಬರುವ ಹಾಡುಗಾರನನ್ನು ಸಂಗೀತಗಾರ ಎನ್ನುತ್ತಾರೆ. ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಸ್ತ್ರೀವೇಷ ಇವೆಲ್ಲ ಅವನ ಪಾಲು. ಪ್ರಸಂಗ ಆರಂಭವಾಗುವಾಗ ಎರಡನೆಯ ಭಾಗವತರು ಬರುತ್ತಾರೆ. ಒಡ್ಡೋಲಗದಿಂದ ತೊಡಗಿ ಕಥೆ ನೆಲೆಗೊಳ್ಳುವವರೆಗೆ ಅವರದು. ನಡುರಾತ್ರಿಯ ಹೊತ್ತಿಗೆ ಮುಖ್ಯ ಭಾಗವತರು ಮುಂಡಾಸು ಸರಿಪಡಿಸಿಕೊಂಡು ಬಂದು ಕುಳಿತರೆ ಬೆಳಗಿನ ಮಂಗಳದವರೆಗೆ ಏಳುವುದಿಲ್ಲ. ಚೆಂಡೆ ಮದ್ದಳೆಯವರಲ್ಲೂ ಇದೇ ಕ್ರಮ. ವೇಷಧಾರಿಗಳಲ್ಲೂ ಅಷ್ಟೇ. ಬೆಳಗಿನ ಜಾವದ ರಕ್ತಬೀಜನ ವೇಷಧಾರಿ ರಾತ್ರಿ ಹತ್ತು ಗಂಟೆಗೆ ಚೌಕಿಯ ಮೂಲೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಬೇಸ್‌ಬಾಲಿನಲ್ಲಿ ರಿಲೀವರುಗಳು ಕಾದು ಕುಳಿತು ಮೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಎಂಬ ಹೆಸರಂತೆ. ನಮ್ಮ ಚೌಕಿಗೆ ಹೋಲಿಸಿದರೆ ಅದು ಬರಿಯ ಹಟ್ಟಿ ಎಂದು ನಾನು ತಮಾಷೆ ಮಾಡಿದ್ದುಂಟು.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಯಾರನ್ನು ಮೊದಲು ಕೂರಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ಕಡಿಮೆ ಬಲ್ಲವನನ್ನು ಎಂದು. ಜನ ಸೇರುವ ಮೊದಲು ಅವನು ಏನಾದರೂ ಹಾಡಲಿ, ಕೆಟ್ಟರೂ ಕೇಳುವವರಿಲ್ಲ ಎಂಬ ಎಣಿಕೆ. ಇದು ಸರಿಯಲ್ಲ. ಪೂರ್ವರಂಗದ ಸಭಾಲಕ್ಷಣದಲ್ಲಿ ಇರುವಷ್ಟು ತಾಳವೈವಿಧ್ಯ ಎಷ್ಟೋ ಪ್ರಸಂಗಗಳಲ್ಲಿ ಇಲ್ಲ. ಝಂಪೆ, ತ್ರಿವುಡೆ, ಅಷ್ಟ, ರೂಪಕ, ಏಕ ಎಲ್ಲವೂ ಅಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ವೇಷ ಚಿಕ್ಕದು, ಹೆಜ್ಜೆ ಕಲಿಯುತ್ತಿರುವ ಹುಡುಗನದು. ಹುಡುಗ ತಾಳ ತಪ್ಪಿದರೆ ಅವನನ್ನು ಮೆಲ್ಲನೆ ಹಾದಿಗೆ ತರಬೇಕಾದವನು ಹಾಡುವವನೇ. ಅಂದರೆ ಮೊದಲು ಕೂರುವವನು ಕಂಠದಲ್ಲಿ ಕಿರಿಯನಾದರೂ ತಾಳದಲ್ಲಿ ಗಟ್ಟಿಯಾಗಿರಬೇಕು. ಶಾಲೆಯ ಒಂದನೆಯ ತರಗತಿಗೆ ಯಾವ ಶಿಕ್ಷಕನನ್ನು ಹಾಕಬೇಕು ಎಂಬ ಚರ್ಚೆ ಪ್ರತಿ ಜೂನ್ ತಿಂಗಳಲ್ಲಿ ನಡೆಯುತ್ತಿತ್ತಲ್ಲ, ಅಲ್ಲಿಯೂ ನನ್ನ ವಾದ ಇದೇ ಆಗಿತ್ತು.

ಎರಡನೆಯ ಭಾಗವತರದು ಅತ್ಯಂತ ಕಷ್ಟದ ಸ್ಥಾನ. ಅವರು ಚೆನ್ನಾಗಿ ಹಾಡದಿದ್ದರೆ ಜನ ಎದ್ದು ಕಡಲೆಯಂಗಡಿಗೆ ಹೋಗುತ್ತಾರೆ. ಅತಿ ಚೆನ್ನಾಗಿ ಹಾಡಲು ಹೊರಟು ಆಟದ ಕಾವನ್ನೆಲ್ಲ ಹನ್ನೊಂದು ಗಂಟೆಗೇ ಏರಿಸಿಬಿಟ್ಟರೆ ಮುಂದಿನ ಆರು ಗಂಟೆಗಳ ಕಾಲ ಪ್ರಸಂಗಕ್ಕೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ಯಕ್ಷಗಾನದ ಲಯ ನಿಧಾನದಿಂದ ವೇಗಕ್ಕೆ ಸಾಗುವಂಥದು. ನಾಟಿ ರಾಗದಲ್ಲಿ ಆರಂಭಗೊಂಡು ಬೆಳಗಿಗೆ ಮೋಹನದಲ್ಲಿ ಮುಗಿಯಬೇಕಾದ ದೀರ್ಘವಾದ ಹಾದಿಯಲ್ಲಿ ಅವರ ಪಾಲಿನದು ಮೊದಲ ಏರು. ತನ್ನ ಬಳಿಕ ಬರುವವರಿಗೆ ಜಾಗ ಬಿಟ್ಟು ಹಾಡುವ ಸಂಯಮ ಎಲ್ಲ ಪ್ರತಿಭಾವಂತರಿಗೂ ಇರುವುದಿಲ್ಲ. ಒಳ್ಳೆಯ ಎರಡನೆಯ ಭಾಗವತರನ್ನು ಹುಡುಕುವುದು ಒಳ್ಳೆಯ ಮುಖ್ಯ ಭಾಗವತರನ್ನು ಹುಡುಕುವುದಕ್ಕಿಂತ ಕಷ್ಟ ಎಂದು ನನ್ನ ಎಣಿಕೆ. ಸುರತ್ಕಲ್ ಮೇಳದಲ್ಲಿ ಅಗರಿ ರಘುರಾಮ ಭಾಗವತರೂ ಪದ್ಯಾಣ ಗಣಪತಿ ಭಟ್ಟರೂ ಹಾಡುತ್ತಿದ್ದ ಕಾಲವನ್ನು ಕಂಡವರಿಗೆ ನನ್ನ ಮಾತು ಅರ್ಥವಾಗುತ್ತದೆ. ಎರಡು ಬೇರೆ ಬೇರೆ ಕಂಠಗಳು ಒಂದೇ ರಾತ್ರಿಗೆ ಎರಡು ಬಣ್ಣ ಕೊಡುತ್ತಿದ್ದವು. ಪದ್ಯಾಣರು 2021ರಲ್ಲಿ ತೀರಿಕೊಂಡರು.

ಮುಖ್ಯ ಭಾಗವತರ ಆಯ್ಕೆಯಲ್ಲಿ ಇಂದು ನಾವು ಕಂಠವನ್ನೇ ಮುಂದಿಟ್ಟುಕೊಂಡು ತೂಗುತ್ತಿದ್ದೇವೆ. ಕಂಠ ಬೇಕು, ನಿಜ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಬೇಕಾದದ್ದು ಅದೊಂದೇ ಅಲ್ಲ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಬಂದು ಆರ್ಭಟಿಸುವಾಗ ಹೊತ್ತು ಎಷ್ಟಾಗಿದೆ, ಅವನ ಪ್ರವೇಶವೇ ಮುಕ್ಕಾಲು ಗಂಟೆ ತಿಂದುಬಿಟ್ಟರೆ ಚಂಡಮುಂಡರಿಗೆ ಎಷ್ಟು ಉಳಿದೀತು, ರಕ್ತಬೀಜನ ಮಾತಿಗೆ ಎಷ್ಟು ಬಿಡಬೇಕು, ಯಾವ ಪದವನ್ನು ಕೈಬಿಟ್ಟರೆ ಕಥೆಗೆ ಕುಂದಿಲ್ಲ, ಯಾವುದನ್ನು ಬಿಡಲೇಬಾರದು ಎಂಬ ಲೆಕ್ಕ ಅವರ ತಲೆಯಲ್ಲಿ ನಡೆಯುತ್ತಿರಬೇಕು. ಅದಕ್ಕೆ ಪ್ರಸಂಗದ ನಡೆ ತಿಳಿದಿರಬೇಕು. ಭಾಗವತರನ್ನು ಮೊದಲನೆಯ ವೇಷಧಾರಿ ಎಂದು ಹಿರಿಯರು ಕರೆದದ್ದು ಸುಮ್ಮನೆ ಅಲ್ಲ.

ಮೂಡಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲಾರೆ. 1938ರಲ್ಲಿ ಹುಟ್ಟಿದ ಅವರು ಅದೇ ಹೆಸರಿನ ತಮ್ಮ ಅಜ್ಜನಿಂದ ಭಾಗವತಿಕೆಯನ್ನು ಪಡೆದವರು. ಕಟೀಲು ಮೇಳದಲ್ಲಿ ಅವರ ಪದ ಕೇಳುತ್ತ ಬೆಳಗು ಮಾಡಿದವರು ನಮ್ಮ ಮೂರು ತಾಲೂಕುಗಳಲ್ಲಿ ಮನೆಗೊಬ್ಬರಾದರೂ ಸಿಕ್ಕಾರು. ಅವರ ಕಂಠವನ್ನು ಇಂಪು ಎನ್ನುವುದಕ್ಕಿಂತ ಗಟ್ಟಿ ಎನ್ನುವುದು ಸರಿ. ಏರುಶ್ರುತಿಯಲ್ಲಿ, ಧ್ವನಿವರ್ಧಕವಿಲ್ಲದ ದಿನಗಳ ಗದ್ದೆಗಾಗಿ ರೂಪುಗೊಂಡ ಶೈಲಿ ಅದು. ಪ್ರಸಂಗಗಳೆಷ್ಟೋ ಅವರಿಗೆ ಕಂಠಸ್ಥ. ಆ ಕಾರಣಕ್ಕೆ ಅವರು ಕುಳಿತ ಬಳಿಕ ಆಟ ಕೆಡುವುದಿಲ್ಲ ಎಂಬ ಧೈರ್ಯ ಚೌಕಿಯಲ್ಲೂ ಸಭೆಯಲ್ಲೂ ಇತ್ತು. ಅಮೆರಿಕದ ಬಂಧುಗಳು ಮರಿಯಾನೊ ರಿವೆರಾ ಎಂಬ ಕ್ಲೋಸರ್ ಬಗ್ಗೆ ಹೇಳುವಾಗ ನನಗೆ ಬಲಿಪರೇ ನೆನಪಾಗುತ್ತಾರೆ. ರಿವೆರಾ ನ್ಯೂಯಾರ್ಕ್ ಯಾಂಕೀಸ್ ತಂಡದವನು, ಒಟ್ಟು 652 ಪಂದ್ಯಗಳನ್ನು ಕೊನೆಯಲ್ಲಿ ಕಾಪಾಡಿಕೊಟ್ಟವನು. 2019ರಲ್ಲಿ ಒಂದು ಮತವೂ ತಪ್ಪದೆ ಆ ಆಟದ ಕೀರ್ತಿಶಾಲೆಗೆ ಸೇರಿದ ಮೊದಲಿಗ. ಅವನೂ 1995ರಲ್ಲಿ ತಂಡಕ್ಕೆ ಬಂದಾಗ ಕೆಲವು ಪಂದ್ಯಗಳಲ್ಲಿ ಸ್ಟಾರ್ಟರ್ ಆಗಿ ಎಸೆದಿದ್ದವನೇ. ಯಾರು ಎಲ್ಲಿಗೆ ಸಲ್ಲುತ್ತಾರೆ ಎಂಬುದು ಮೊದಲೇ ಹಣೆಯಲ್ಲಿ ಬರೆದಿರುವುದಿಲ್ಲ. ಹಾಕಿ ನೋಡಬೇಕು.

ಬಲಿಪರು 2023ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಅದಕ್ಕಿಂತ ಮೊದಲು, 2022ರಲ್ಲಿ, ಅವರ ಮಗ ಬಲಿಪ ಪ್ರಸಾದ ಭಾಗವತರು ಐವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಅವರೂ ಕಟೀಲು ಮೇಳದಲ್ಲಿ ಹಾಡಿದವರು, ಮನೆತನದ ಹಾಡುಗಾರಿಕೆಯನ್ನು ಉಳಿಸಿಕೊಂಡವರು. ಅಜ್ಜನಿಂದ ಮೊಮ್ಮಗನಿಗೆ, ತಂದೆಯಿಂದ ಮಗನಿಗೆ ವಿದ್ಯೆ ಇಳಿದುಬರುವುದು ಭಾಗ್ಯವೇ ಸರಿ. ಆದರೆ ಭಾಗ್ಯವನ್ನು ನಂಬಿಕೊಂಡು ಮೇಳ ನಡೆಸಲಾಗದು. ಒಂದು ಮನೆಯಲ್ಲಿ ಒಂದು ವರ್ಷದೊಳಗೆ ಏನು ಸಂಭವಿಸಬಹುದೆಂಬುದನ್ನು ಕಂಡ ಮೇಲೂ ಹಿಂದಿನ ಸಾಲಿನಲ್ಲಿ ಯಾರಿದ್ದಾರೆ ಎಂದು ಕೇಳದಿರುವುದು ನಮ್ಮ ಅಲಕ್ಷ್ಯ.

ಹಿಂದಿನ ಸಾಲು ತಯಾರಾಗುತ್ತಿದ್ದುದು ಪೂರ್ವರಂಗದಲ್ಲಿ. ನನ್ನ ವಿದ್ಯಾರ್ಥಿಯೊಬ್ಬನ ವಿಚಾರ ಹೇಳುತ್ತೇನೆ. ಹೆಸರು ಬೇಡ. ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರ ಹುಡುಗ, ತಾಯಿ ಬೀಡಿ ಕಟ್ಟಿ ಓದಿಸಿದವಳು. ಗಣಿತದಲ್ಲಿ ಅಷ್ಟಕ್ಕಷ್ಟೆ. ಆದರೆ ಮೇಜಿನ ಮೇಲೆ ಅವನ ಬೆರಳು ಹೊಡೆಯುತ್ತಿದ್ದ ತಾಳದಲ್ಲಿ ಮಾತ್ರ ಒಂದು ಮಾತ್ರೆಯೂ ತಪ್ಪುತ್ತಿರಲಿಲ್ಲ. ಹತ್ತನೆಯ ತರಗತಿಯ ಬಳಿಕ ಗುರುಗಳೊಬ್ಬರ ಮನೆಯಲ್ಲಿ ಮೂರು ವರ್ಷ ಕಲಿತು ಮೇಳವೊಂದಕ್ಕೆ ಸಂಗೀತಗಾರನಾಗಿ ಸೇರಿದ. ಅವನ ಪದ ಕೇಳಬೇಕೆಂದು ನಾನು ಒಂದು ಸಂಜೆ ಬೇಗನೆ ಹೋಗಿ ಗದ್ದೆಯಲ್ಲಿ ಕುಳಿತಿದ್ದೆ. ಸಭೆಯಲ್ಲಿ ನನ್ನ ಹೊರತು ಇದ್ದವರು ನಾಲ್ಕೈದು ಮಂದಿ ಮುದುಕರು, ಓಡಾಡುವ ಮಕ್ಕಳು. ಹುಡುಗ ಸಾವಿರ ಜನರಿರುವಂತೆ ಹಾಡಿದ. ತನ್ನ ಪಾಲು ಮುಗಿದ ಬಳಿಕ ಮಲಗಲು ಹೋಗದೆ ಭಾಗವತರ ಹಿಂದೆ ಕುಳಿತು ಇಡೀ ರಾತ್ರಿ ಕೇಳಿದ. ನಾಲ್ಕು ಗಂಟೆಯ ಸುಮಾರಿಗೆ ಮುಖ್ಯ ಭಾಗವತರಿಗೆ ಕೆಮ್ಮು ಒತ್ತರಿಸಿ ಬಂತು. ಅವರು ಹಿಂದಿರುಗಿ ನೋಡದೆಯೇ ಜಾಗಟೆಯನ್ನು ಹಿಂದಕ್ಕೆ ಚಾಚಿದರು. ಇವನು ಅದನ್ನು ಹಿಡಿದು ಅದೇ ಶ್ರುತಿಯಲ್ಲಿ, ಅದೇ ಕಾಲದಲ್ಲಿ ಮುಂದಿನ ಪದವನ್ನು ಎತ್ತಿಕೊಂಡ. ವೇಷಧಾರಿಯ ಹೆಜ್ಜೆ ನಿಲ್ಲಲಿಲ್ಲ. ಸಭೆಯಲ್ಲಿ ಅರ್ಧದಷ್ಟು ಜನರಿಗೆ ಭಾಗವತರು ಬದಲಾದದ್ದೇ ತಿಳಿದಿರಲಾರದು. ಎರಡು ಪದ ಹಾಡಿ ಜಾಗಟೆಯನ್ನು ಹಿಂದಿರುಗಿಸಿದ.

ಬಳಿಕ ಕಾಲಮಿತಿ ಬಂತು. ಆ ಮೇಳದಲ್ಲಿ ಪೂರ್ವರಂಗ ಹತ್ತು ನಿಮಿಷಕ್ಕೆ ಇಳಿಯಿತು, ಕೆಲವು ದಿನ ಅದೂ ಇಲ್ಲ. ಸಂಬಳ ನಿಲ್ಲಿಸಲಿಲ್ಲ, ಪದ ನಿಂತಿತು. ಎರಡು ತಿರುಗಾಟ ಹಾಗೆಯೇ ಕಳೆದು ಅವನು ಮೇಳ ಬಿಟ್ಟ. ಈಗ ಪಿಕಪ್ ವಾಹನದಲ್ಲಿ ಅಡಿಕೆ, ಕೆಂಪುಕಲ್ಲು ಸಾಗಿಸುತ್ತಾನೆ. ಒಮ್ಮೆ ಪೇಟೆಯಲ್ಲಿ ಸಿಕ್ಕಿದಾಗ ಕೇಳಿದೆ. "ಸರ್, ಗಂಟಲು ಕೆಟ್ಟರೆ ಕಷಾಯ ಉಂಟು. ಪದವೇ ಸಿಗದಿದ್ದರೆ ಕೂತುಕೊಂಡು ಏನು ಮಾಡುವುದು?" ಎಂದ. ದುಡಿದು ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ. ಅವನ ಬದುಕಿಗೆ ಹಾನಿಯಾಗಿಲ್ಲ. ಹಾನಿ ನಮಗೆ.

ಇಷ್ಟು ಹೇಳಿದೆನೆಂದು ನಾನು ಕಾಲಮಿತಿಯ ವಿರೋಧಿ ಎಂದು ತಿಳಿಯಬಾರದು. ಧರ್ಮಸ್ಥಳ ಮೇಳ ಹತ್ತು ವರ್ಷಗಳ ಹಿಂದೆಯೇ ಇಡೀ ರಾತ್ರಿಯ ಕ್ರಮವನ್ನು ಬಿಟ್ಟು ಸಂಜೆಯಿಂದ ನಡುರಾತ್ರಿಯವರೆಗಿನ ಆಟಕ್ಕೆ ಬಂದಾಗ ನಮ್ಮಲ್ಲಿ ಹಲವರು ಗೊಣಗಿದರು. ಕಟೀಲು ಮೇಳಗಳ ಕಾಲಮಿತಿಯ ವಿಚಾರ 2022ರಲ್ಲಿ ಊರೂರಲ್ಲಿ ಚರ್ಚೆಯಾಯಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ನೆಯ ಇಸವಿಯಿಂದಲೇ ಇದೆ. ಪರೀಕ್ಷೆಗೆ ಓದುವ ಮಕ್ಕಳು, ಹಾಸಿಗೆ ಹಿಡಿದ ರೋಗಿಗಳು ನೆರೆಯಲ್ಲಿರುವಾಗ ಆ ನಿಯಮವನ್ನು ಅನ್ಯಾಯ ಎನ್ನಲಾರೆ. ಕಲಾವಿದರಿಗೂ ರಾತ್ರಿ ಮನೆ ಸೇರುವ ಅವಕಾಶ ದೊರೆತಿದೆ. ಹಿಂದೆ ಇಡೀ ರಾತ್ರಿ ಆಡುತ್ತಿದ್ದುದಕ್ಕೆ ಭಕ್ತಿಯಷ್ಟೇ ಕಾರಣವಲ್ಲ, ಬೆಳಗಿನ ಮೊದಲ ಬಸ್ಸಿನವರೆಗೆ ಜನ ಮನೆಗೆ ಹೋಗುವಂತಿರಲಿಲ್ಲ ಎಂಬುದೂ ಸತ್ಯ.

ನನ್ನ ಆಕ್ಷೇಪ ಹೊತ್ತು ಕಡಿಮೆಯಾದುದಕ್ಕಲ್ಲ, ಕಡಿಮೆಯಾದ ಹೊತ್ತನ್ನು ಹಂಚಿದ ಬಗೆಗೆ. ಒಂಬತ್ತು ಗಂಟೆಗಳ ಆಟವನ್ನು ಐದಕ್ಕೆ ಇಳಿಸುವಾಗ ಎಲ್ಲರ ಪಾಲಿನಿಂದಲೂ ಸ್ವಲ್ಪ ಸ್ವಲ್ಪ ತೆಗೆಯುವುದು ನ್ಯಾಯ. ಆದದ್ದು ಹಾಗಲ್ಲ. ಅನೇಕ ಕಡೆ ಸಂಗೀತಗಾರನ ಪಾಲು ಪೂರ್ತಿ ಹೋಯಿತು, ಎರಡನೆಯವರ ಪಾಲು ಅರ್ಧ ಹೋಯಿತು, ಮುಖ್ಯ ಭಾಗವತರದು ಹಾಗೆಯೇ ಉಳಿಯಿತು. ಸೇವಾಕರ್ತರು ತಮಗೆ ಮೆಚ್ಚಿನ ಭಾಗವತರೇ ಮೊದಲಿನಿಂದ ಕೊನೆಯವರೆಗೆ ಹಾಡಬೇಕೆಂದು ಪಟ್ಟುಹಿಡಿಯುವುದೂ ಉಂಟು. ಇನ್ನು ದ್ವಂದ್ವ ಹಾಡುಗಾರಿಕೆ ಎಂಬುದೊಂದು ಬಂದಿದೆ. ಇಬ್ಬರು ಪ್ರಸಿದ್ಧರನ್ನು ಅಕ್ಕಪಕ್ಕ ಕೂರಿಸಿ ಒಂದೇ ಪದವನ್ನು ಸರದಿಯಲ್ಲಿ ಹಾಡಿಸುವುದು. ಗಾನವೈಭವದ ವೇದಿಕೆಯಲ್ಲಿ ಅದು ಶೋಭಿಸುತ್ತದೆ, ನಾನೂ ಕೇಳಿ ಸಂತೋಷಪಟ್ಟಿದ್ದೇನೆ. ಆಟದಲ್ಲಿ ಮಾತ್ರ ಕಥೆ ಅಲ್ಲಿಯೇ ನಿಂತುಬಿಡುತ್ತದೆ. ವೇಷಧಾರಿ ಒಂದೇ ಸಾಲಿಗೆ ಹತ್ತು ಸಲ ಕುಣಿದು ಸುಸ್ತಾಗುತ್ತಾನೆ. ಒಬ್ಬರ ಬಳಿಕ ಒಬ್ಬರು ಬರಬೇಕಾದಲ್ಲಿ ಇಬ್ಬರೂ ಒಟ್ಟಿಗೆ ಬಂದು ಕುಳಿತರೆ, ಮೂರನೆಯವನಿಗೆ ಕೂರಲು ಸ್ಥಳ ಎಲ್ಲಿ?

ಕ್ರಿಕೆಟ್ ಬಲ್ಲವರು ಒಂದು ಮಾತು ಹೇಳಬಹುದು. ಉತ್ತಮನಾದವನನ್ನೇ ಮೊದಲು ಹಾಕಿ ಕೆಲಸ ಮುಗಿಸಿದರೆ ಏನು ತಪ್ಪು ಎಂದು. 1960 ಮತ್ತು 70ರ ದಶಕಗಳ ಭಾರತ ತಂಡವನ್ನು ನೆನಪಿಸಿಕೊಳ್ಳಿ. ಹೊಸ ಚೆಂಡನ್ನು ಆಬಿದ್ ಅಲಿ, ಸೋಲ್ಕರ್, ಕೆಲವೊಮ್ಮೆ ಗಾವಸ್ಕರರೇ ಹಿಡಿದು ಕೆಲವು ಓವರುಗಳಲ್ಲಿ ಅದರ ಹೊಳಪು ತೆಗೆಯುತ್ತಿದ್ದರು. ಬಳಿಕ ಬೇಡಿ, ವೆಂಕಟರಾಘವನ್, ನಮ್ಮವರೇ ಆದ ಪ್ರಸನ್ನ ಮತ್ತು ಚಂದ್ರಶೇಖರ್ ಬರುತ್ತಿದ್ದರು. ತಂಡದ ಅತ್ಯುತ್ತಮ ಬೌಲರುಗಳು ಮೊದಲು ಬರುತ್ತಿರಲಿಲ್ಲ, ಏಕೆಂದರೆ ಅವರಿಗೆ ಬೇಕಾದ ಚೆಂಡು ಇನ್ನೂ ಸಿದ್ಧವಾಗಿರುತ್ತಿರಲಿಲ್ಲ. ಅದೇ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕವು 1973-74ರಲ್ಲಿ ಮುಂಬಯಿಯನ್ನು ಸೆಮಿಫೈನಲಿನಲ್ಲಿ ಮಣಿಸಿ ಮೊದಲ ಸಲ ರಣಜಿ ಟ್ರೋಫಿಯನ್ನು ಗೆದ್ದದ್ದು. 2018ರ ಮೇ 19ರಂದು ಅಮೆರಿಕದ ಟ್ಯಾಂಪಾ ಬೇ ರೇಸ್ ಎಂಬ ತಂಡ ಎಂದಿಗೂ ಕೊನೆಗೆ ಬರುತ್ತಿದ್ದ ಸರ್ಜಿಯೊ ರೋಮೊ ಎಂಬ ರಿಲೀವರನಿಂದ ಮೊದಲ ಇನ್ನಿಂಗ್ಸ್ ಎಸೆಸಿ, ದೀರ್ಘಕಾಲ ಎಸೆಯುವವನನ್ನು ಬಳಿಕ ತಂದಾಗ ಅಲ್ಲಿಯ ಪಂಡಿತರು ಬೆರಗಾದರಂತೆ. ನಮಗೆ ಅದರಲ್ಲಿ ಬೆರಗೇನೂ ಕಾಣದು.

ಶಾಲೆಯಲ್ಲಿ ಹುಡುಗರ ಅಂಡರ್ ಆರ್ಮ್ ಪಂದ್ಯಗಳಿಗೆ ತಂಡ ಕಟ್ಟುವ ಹೊಣೆ ಕೆಲವು ವರ್ಷ ನನ್ನ ಮೇಲಿತ್ತು. ಮೊದಲ ಓವರ್ ಬ್ಯಾಟಿನ ಒಡೆಯನಿಗೆ ಎಂಬುದು ಹುಡುಗರ ಅಲಿಖಿತ ಶಾಸನ. ನಾನು ಅದನ್ನು ಬದಲಿಸಲು ಹೋಗಲಿಲ್ಲ. ಕೊನೆಯ ಓವರನ್ನು ಮಾತ್ರ ನಾನೇ ನಿರ್ಧರಿಸುತ್ತಿದ್ದೆ. ವೇಗವಾಗಿ ಎಸೆಯುವವನಿಗಲ್ಲ, ಒಂದು ಸಿಕ್ಸರ್ ಹೋದರೂ ಮುಖ ಬಾಡದ ಹುಡುಗನಿಗೆ ಕೊಡುತ್ತಿದ್ದೆ. ಅಂಥವನು ತಂಡದಲ್ಲಿ ಒಬ್ಬನಾದರೂ ಇರುತ್ತಾನೆ. ಆದರೆ ಅವನು ಅಂಥವನೆಂದು ತಿಳಿಯಬೇಕಾದರೆ ಮೊದಲು ಕೆಲವು ಪಂದ್ಯಗಳಲ್ಲಿ ಅವನ ಕೈಗೆ ಚೆಂಡು ಬಿದ್ದಿರಬೇಕು.

ಹೀಗಾಗಿ ಐದು ಗಂಟೆಗಳ ಆಟಕ್ಕೆ ನನ್ನದೊಂದು ಹಂಚಿಕೆ. ಏಳು ಗಂಟೆಗೆ ಆರಂಭವೆಂದಾದರೆ ಮುಕ್ಕಾಲು ಗಂಟೆ ಪೂರ್ವರಂಗ, ಅದು ಸಂಗೀತಗಾರನದು. ಅಲ್ಲಿಂದ ಒಂಬತ್ತೂವರೆಯವರೆಗೆ ಎರಡನೆಯವರು. ಉಳಿದ ಎರಡೂವರೆ ಗಂಟೆ ಮುಖ್ಯ ಭಾಗವತರು. ವಾರದಲ್ಲಿ ಒಂದು ರಾತ್ರಿ ಈ ಕ್ರಮವನ್ನು ತಿರುಗಿಸಬೇಕು. ಎರಡನೆಯವರಿಗೆ ಕೊನೆಯ ಭಾಗ, ಸಂಗೀತಗಾರನಿಗೆ ಪ್ರಸಂಗದ ಆರಂಭ. ಮುಖ್ಯ ಭಾಗವತರು ಆ ದಿನ ಪೂರ್ವರಂಗಕ್ಕೆ ಕುಳಿತರೆ ಏನೂ ಕುಂದಿಲ್ಲ. ಹುಡುಗರು ಹಿಂದೆ ಕುಳಿತು ಕೇಳಲಿ, ಸಭಾಲಕ್ಷಣ ಹೀಗೂ ಹಾಡಬಹುದೆಂದು ತಿಳಿಯಲಿ. ಮುಖ್ಯ ಭಾಗವತರ ಕಂಠಕ್ಕೂ ಆ ಒಂದು ರಾತ್ರಿ ಮದ್ದಾದೀತು.

ಸೇವಾಕರ್ತರು ಒಪ್ಪುವುದಿಲ್ಲ ಎಂಬ ಉತ್ತರವನ್ನು ನಾನು ಬಲ್ಲೆ. ಹತ್ತು ಇಪ್ಪತ್ತು ವರ್ಷ ಕಾದು, ಹರಕೆ ಹೊತ್ತು, ಲಕ್ಷಗಟ್ಟಲೆ ವ್ಯಯಿಸಿ ಆಟ ಆಡಿಸುವವರಿಗೆ ತಮ್ಮ ಸೇವೆಯ ದಿನ ಪ್ರಸಿದ್ಧ ಭಾಗವತರು ಕೊನೆಗೆ ಕೂರದಿದ್ದರೆ ಬೇಸರವಾಗುವುದು ಸಹಜ. ಈ ತೊಡಕನ್ನು ಬಿಡಿಸುವುದು ಸುಲಭವಲ್ಲ. ಆದರೆ ಸೇವೆ ಸಲ್ಲುವುದು ದೇವರಿಗೆ ತಾನೆ? ಹಲವು ಮೇಳಗಳಿರುವ ಕ್ಷೇತ್ರಗಳಲ್ಲಿ ಯಾವ ಮೇಳ ಬಂದರೂ ಜನ ಭಕ್ತಿಯಿಂದ ಸ್ವೀಕರಿಸುತ್ತಾರೆ. ಭಾಗವತರ ಸರದಿಯನ್ನೂ ಹಾಗೆಯೇ ಸ್ವೀಕರಿಸುವ ಅಭ್ಯಾಸ ಬೆಳೆಯಬಾರದೇಕೆ? ಒಂದು ಕಾಲದಲ್ಲಿ ಹೆಂಗಸರು ರಂಗಸ್ಥಳದಲ್ಲಿ ಜಾಗಟೆ ಹಿಡಿಯುವುದನ್ನೂ ಜನ ಒಪ್ಪುವುದಿಲ್ಲ ಎನ್ನುತ್ತಿದ್ದರು. ಲೀಲಾವತಿ ಬೈಪಾಡಿತ್ತಾಯರು ಪತಿ ಹರಿನಾರಾಯಣ ಬೈಪಾಡಿತ್ತಾಯರ ಚೆಂಡೆ ಮದ್ದಳೆಯ ಜೊತೆಗೆ ಮೇಳಗಳಲ್ಲಿ ತಿರುಗಾಟ ಮಾಡಿ, ರಾತ್ರಿಯೆಲ್ಲ ಹಾಡಿ ತೋರಿಸಿದರು. ಜನ ಒಪ್ಪಿದರು, ಮೆಚ್ಚಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅವರ ಶಿಷ್ಯವರ್ಗ ಎಷ್ಟು ದೊಡ್ಡದೆಂಬುದು ಹೊರಗಿನವರಿಗೂ ಗೊತ್ತಾಯಿತು. ಒಪ್ಪಿಗೆ ಎಂಬುದು ಯಾರಾದರೂ ಒಮ್ಮೆ ಕುಳಿತು ಹಾಡಿದ ಬಳಿಕ ದೊರೆಯುವ ವಸ್ತು.

ಇಂದು ಮಕ್ಕಳು ಕಲಿಯುತ್ತಿಲ್ಲ ಎಂಬ ದೂರು ಸುಳ್ಳು. ನಮ್ಮ ಮೂರೂ ತಾಲೂಕುಗಳ ಶಾಲೆಗಳಲ್ಲಿ, ದೇವಸ್ಥಾನದ ಸಭಾಭವನಗಳಲ್ಲಿ ರವಿವಾರ ಬೆಳಿಗ್ಗೆ ಹೋಗಿ ನೋಡಿ. ಹುಡುಗರಷ್ಟೇ ಹುಡುಗಿಯರೂ ತಾಳ ಹಾಕುತ್ತ ಕುಳಿತಿರುತ್ತಾರೆ. ಕಲಿಸುವ ಗುರುಗಳೂ ಇದ್ದಾರೆ. ಕಲಿತವರು ಹೋಗಿ ನಿಲ್ಲಬೇಕಾದ ಮೊದಲ ಮೆಟ್ಟಿಲನ್ನು ಮಾತ್ರ ನಾವೇ ಕಿತ್ತು ಇಟ್ಟಿದ್ದೇವೆ. ವಾರ್ಷಿಕೋತ್ಸವದಲ್ಲಿ ಎರಡು ಗಂಟೆಯ ಆಟಕ್ಕೆ ಹಾಡಿದ ಹುಡುಗಿಯನ್ನು ಒಮ್ಮೆಲೇ ಮಹಿಷಾಸುರನ ಪ್ರವೇಶಕ್ಕೆ ಕೂರಿಸಲಾದೀತೇ?

ಈ ತಿರುಗಾಟದಲ್ಲಿ ಆಟ ಆಡಿಸಲಿರುವವರು ಈ ಪುಟದ ಓದುಗರಲ್ಲಿ ಮೂರು ಮನೆಯವರಾದರೂ ಇದ್ದೀರಿ ಎಂದು ನನಗೆ ಗೊತ್ತು. ನಿಮ್ಮಲ್ಲಿ ಹಳೆಯ ಮಾಸ್ತರನ ಒಂದು ಸಣ್ಣ ವಿನಂತಿ. ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಮೇಳದ ಮ್ಯಾನೇಜರಿಗೆ ಫೋನು ಮಾಡಿ ಸಂಗೀತಗಾರ ಯಾರೆಂದು ಕೇಳಿ, ಹೆಸರನ್ನು ಸರಿಯಾಗಿ ಬರೆದುಕೊಳ್ಳಿ. ಪೂರ್ವರಂಗ ಎಷ್ಟು ಹೊತ್ತು ಎಂದೂ ಕೇಳಿ. ನೀವು ಕೇಳಿದರೆ ಅವರು ಹೆಚ್ಚಿಸುತ್ತಾರೆ. ಇನ್ನೊಂದು ಮಾತು, ಅನ್ನಸಂತರ್ಪಣೆಯನ್ನು ಏಳರಿಂದ ಎಂಟರವರೆಗೆ ಇಟ್ಟರೆ ಊರಿನವರೆಲ್ಲ ಪಂಕ್ತಿಯಲ್ಲಿರುತ್ತಾರೆ, ಹಾಡುವ ಹುಡುಗನ ಮುಂದೆ ಬರಿಯ ಕುರ್ಚಿಗಳಿರುತ್ತವೆ. ಆರಕ್ಕೇ ಬಡಿಸಲು ಆರಂಭಿಸಿ. ಅಡುಗೆಯವರಿಗೆ ಮುಂಚಿತವಾಗಿ ತಿಳಿಸಿದರೆ ಅದೇನೂ ಕಷ್ಟವಲ್ಲ.